ಫೆಬ್ರವರಿಯ ಮೂವತ್ತೊಂದು

ಆಗಸ್ಟ್ 31, ಬುಧವಾರ. ಮಧ್ಯಾಹ್ನ 1.20

ಊಟದ ಡಬ್ಬಿ ತೊಳೆದಾಯಿತು. ಬೆಳಗಿನಿಂದ ನಾಲ್ಕು ದಿನಾಂಕ ಎಣಿಸಿದೆ. ಕಳೆದ ವಾರದ ಬಾಕಿ ಮೂರು ಸರಿ. ನಾಲ್ಕನೆಯದರಲ್ಲಿ ಬೆರಳು ಸಿಕ್ಕಿಹಾಕಿಕೊಂಡಿತು.

ಎರಡು ತಿಂಗಳಿಂದ ಈ ಆಸರೆ ಮನೆಯ ಆಫೀಸಿನಲ್ಲಿ ನಾನು ಕಲಿತಿರುವುದು ಇದೊಂದೇ ವಿದ್ಯೆ. ಸಾಕಲಾರದೆ ಮಗುವನ್ನು ಇಲ್ಲಿ ಬಿಟ್ಟು ಹೋಗುವವರಿಗೆ ಆರು ತಿಂಗಳ ಅವಕಾಶ. ಅಷ್ಟರೊಳಗೆ ಬಂದು ಕೇಳಿದರೆ ಮಗು ಅವರದ್ದೇ. ದಾಟಿದರೆ ದತ್ತು ಕೊಡುವ ಪಟ್ಟಿಗೆ. ಆ ಕೊನೆಯ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆಯಬೇಕು, ಚೀಟಿಯಲ್ಲಿ ಬರೆದು ಅವರ ಕೈಗೂ ಕೊಡಬೇಕು. ಎಂ.ಎ. ಮಾಡಿದವಳಿಗೆ ತಿಂಗಳು ಎಣಿಸುವ ಕೆಲಸ. “ಓದಿದ್ದು ಕಾವ್ಯ, ಸಿಕ್ಕಿದ್ದು ಕ್ಯಾಲೆಂಡರು” ಅನ್ನುತ್ತಾಳೆ ಅಮ್ಮ.

ಕಲಿಸುವವರು ಹಳೆಯ ಗುಮಾಸ್ತರು. ಎಲ್ಲರಿಗೂ ಕ್ಯಾಲೆಂಡರ್ ಮಾಮ. ಅವರ ವಿಧಾನ ಸುಲಭ. ಗೋಡೆಯ ಕ್ಯಾಲೆಂಡರಿನಲ್ಲಿ ಮಗು ಬಂದ ತಾರೀಖಿನ ಮನೆಯ ಮೇಲೆ ಬೆರಳು. ಆರು ಹಾಳೆ ತಿರುವು. ಡಿಸೆಂಬರ್ ಮುಗಿದರೆ ಮತ್ತೆ ಅದೇ ಕ್ಯಾಲೆಂಡರಿನ ಜನವರಿಗೆ ಬಾ. ವಾರ ತಪ್ಪುತ್ತದೆ, ತಾರೀಖು ತಪ್ಪುವುದಿಲ್ಲ. ಅದೇ ಸಂಖ್ಯೆಯ ಮನೆಯಲ್ಲಿ ಬೆರಳು ಇಳಿಸು.

ಇವತ್ತು ಮೂವತ್ತೊಂದು. ಆರು ಹಾಳೆ ತಿರುವಿದರೆ ಫೆಬ್ರವರಿ. ಇಪ್ಪತ್ತೆಂಟಕ್ಕೆ ಮುಗಿಯಿತು.

“ಯಾಕಮ್ಮಾ, ಬೆರಳು ಗಾಳೀಲಿ ನಿಂತಿತು?”

“ಮೂವತ್ತೊಂದು ಇಲ್ಲ ಮಾಮ.”

“ಇಲ್ಲಿ ಇಲ್ಲದಿದ್ರೆ ಮುಂದಿನ ಹಾಳೇಲಿರುತ್ತೆ. ಎಣಿಸ್ಕೊಂಡು ಹೋಗು. ಇಪ್ಪತ್ತೊಂಬತ್ತು ಅಂದ್ರೆ ಮಾರ್ಚ್ ಒಂದು. ಮೂವತ್ತು, ಎರಡು. ಮೂವತ್ತೊಂದು, ಮೂರು. ಫೆಬ್ರವರಿ ಬಡವ ಕಣಮ್ಮ. ಅವನ ಕೈಲಿ ಇಲ್ಲದ್ದನ್ನ ತಮ್ಮನ ಹತ್ರ ಇಸ್ಕೊಡ್ತಾನೆ.”

ಚೀಟಿಯಲ್ಲಿ ಬರೆದೆ — ಮಾರ್ಚ್ 3ರ ಒಳಗೆ. ಸೀಲು ಸೂಪರಿಂಟೆಂಡೆಂಟ್ ಮೇಡಂ ಡ್ರಾಯರಿನಲ್ಲಿ, ಮೇಡಂ ಹೊರಗೆ ಹೋಗಿದ್ದರು. ಸೀಲಿಲ್ಲದೆಯೇ ಕೊಟ್ಟೆ.

ಚೀಟಿ ತೆಗೆದುಕೊಂಡವಳು ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಗಂಡ ಇಲ್ಲ. ಎದೆಯ ಕಾಯಿಲೆ, ಆಸ್ಪತ್ರೆಯ ವಾರ್ಡಿನಲ್ಲಿ ಆರು ತಿಂಗಳ ಮಾತ್ರೆ. ಮಗಳಿಗೆ ನಾಲ್ಕು ವರ್ಷ, ದುಂಡಗೆ ಸಣ್ಣಗೆ. ಬಟಾಣಿ ಅಂತ ಕರೆಯುತ್ತಾಳೆ. ಮುಖಕ್ಕೆ ಮಾಸ್ಕ್. ಮಗುವನ್ನು ಮುಟ್ಟಲಿಲ್ಲ, ಡಾಕ್ಟರು ಬೇಡ ಎಂದಿದ್ದಾರಂತೆ. ಗೇಟಿನ ಆಚೆ ನಿಂತು ಚೀಟಿಯನ್ನು ಎತ್ತಿ ತೋರಿಸಿದಳು — ಬಸ್ ಟಿಕೆಟ್ ತೋರಿಸುವ ಹಾಗೆ. ಬಟಾಣಿ ಕೈ ಬೀಸಿತು. ನಾನೂ ಬೀಸಿದೆ, ಯಾಕೋ.

ಅಕ್ಟೋಬರ್ 14, ಶುಕ್ರವಾರ

ಬಟಾಣಿ ಆಫೀಸಿಗೆ ಬಂದು ಸ್ಟೇಪ್ಲರ್ ಮುಟ್ಟುತ್ತದೆ, ಓಡಿಹೋಗುತ್ತದೆ. ದಿನಾ. ಮಾತಿಲ್ಲ. ನಾನೂ ಮಾತಾಡುವುದಿಲ್ಲ. ಚೆನ್ನಾಗಿ ಹೊಂದಿಕೊಂಡಿದ್ದೇವೆ.

ನವೆಂಬರ್ 30, ಬುಧವಾರ. ಸಂಜೆ 5.45

ಮಾಮ ನಿವೃತ್ತಿ. ಒಂದು ಶಾಲು, ಒಂದು ಗೋಡೆ ಗಡಿಯಾರ. “ಕ್ಯಾಲೆಂಡರ್ ಕಿತ್ಕೊಂಡು ಗಡಿಯಾರ ಕೊಟ್ಟಿರಿ, ಬಡ್ತಿನೋ ಹಿಂಬಡ್ತಿನೋ?” ಎಂದರು. ಎಲ್ಲರೂ ನಕ್ಕರು. ಮೇಡಂ ಕೂಡ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ. ಅದರ ಹಿಂದಿನ ಗೋಡೆಯಲ್ಲಿ ಅವರ ತಲೆಯ ಆಕಾರದ ಎಣ್ಣೆ ಕಲೆ.

ನಾನು ಎರಡು ಮಾತು ಆಡಬೇಕಿತ್ತು. ಬರೆದುಕೊಂಡೂ ಹೋಗಿದ್ದೆ. ಎದ್ದು ನಿಂತೆ, ಕೂತೆ. ಕುರ್ಚಿ ಸರಿಪಡಿಸಿಕೊಂಡವಳ ಹಾಗೆ.

ಜನವರಿ 2, ಸೋಮವಾರ

ಕಂಪ್ಯೂಟರು ಬಂತು. ಜೊತೆಗೆ ಹೊಸ ಸಾಫ್ಟ್‌ವೇರು, ಮೇಡಂ ಬಾಯಲ್ಲಿ ಅದು ‘ಸಿಸ್ಟಂ’. ಮಗು ಬಂದ ದಿನ ಹಾಕಿದರೆ ಕೊನೆಯ ದಿನ ತಾನೇ ಬರುತ್ತದೆ. ಬೆರಳು ಬೇಡ, ಹಾಳೆ ಬೇಡ. ಹಳೆಯ ರಿಜಿಸ್ಟರಿನಲ್ಲಿರುವ ಮಕ್ಕಳನ್ನೆಲ್ಲ ನಾನು ಅದಕ್ಕೆ ಏರಿಸಬೇಕು.

ಜನವರಿ 31, ಮಂಗಳವಾರ. ಮಧ್ಯಾಹ್ನ 3.00

ಬಟಾಣಿಯ ಸಾಲು ಏರಿಸಿದೆ. ಆಗಸ್ಟ್ 31. ಸಿಸ್ಟಂ ಕೊಟ್ಟಿದ್ದು — ಫೆಬ್ರವರಿ 28.

ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ — ಮಾರ್ಚ್ 3.

ಮೂರು ಸಲ ಹಾಕಿ ನೋಡಿದೆ. ಅರ್ಥವಾಯಿತು. ತಿಂಗಳಲ್ಲಿ ಆ ತಾರೀಖು ಇಲ್ಲದಿದ್ದರೆ ಸಿಸ್ಟಂ ಅಲ್ಲೇ ಕತ್ತರಿಸುತ್ತದೆ. ಮಾಮ ಮುಂದಕ್ಕೆ ಹರಿಸುತ್ತಿದ್ದರು. ನಿಯಮದ ಪುಸ್ತಕ ತೆಗೆದು ನೋಡಿದೆ. ‘ಆರು ತಿಂಗಳು’ ಎಂದಷ್ಟೇ ಇದೆ. ಹೇಗೆ ಎಣಿಸಬೇಕೆಂದು ಪುಸ್ತಕ ಬರೆದವರಿಗೂ ಹೊಳೆದಿಲ್ಲ.

ಮೇಡಂ ಬಳಿ ಹೋದೆ. ಕಿವಿಯಲ್ಲಿ ಫೋನು.

“ಮೇಡಂ, ಕೆಲವು ದಿನಾಂಕ ರಿಜಿಸ್ಟರಿಗೂ ಸಿಸ್ಟಂಗೂ...”

“ಸಿಸ್ಟಂ ಹೇಳಿದ್ದೇ ಇಟ್ಕೋ. ಅದಕ್ಕೇ ತಾನೇ ತಂದಿರೋದು.”

“ಆದ್ರೆ ಚೀಟಿ...”

ಕೈಯಿಂದ ‘ಆಮೇಲೆ’ ಎಂದು ಸನ್ನೆ. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತೆ. ವಾಪಸ್ ಬಂದೆ.

ನಾಳೆ ಹೇಳುತ್ತೇನೆ.

ಫೆಬ್ರವರಿ 14, ಮಂಗಳವಾರ. ಮಧ್ಯಾಹ್ನ 1.30

ಹೇಳಿಲ್ಲ.

ಇವತ್ತು ವಾರ್ಡಿನಿಂದ ಲಾಂಡ್ರಿಯವಳ ಫೋನು. ಎತ್ತಿದ್ದು ನಾನು.

“ಅಕ್ಕಾ, ನನ್ ಬಟಾಣಿ ಹೇಗಿದಾಳೆ?”

“ಚೆನ್ನಾಗಿದಾಳೆ. ಒಂದು ಹಲ್ಲು ಅರ್ಧ ಮುರ್ಕೊಂಡಿದಾಳೆ, ಅಷ್ಟೇ. ಜಾರುಬಂಡೇಲಿ.”

“ಅಯ್ಯೋ, ಮುರೀಲಿ ಬಿಡಿ, ಹಾಲುಹಲ್ಲು.” ನಕ್ಕಳು. ನಕ್ಕ ಮೇಲೆ ಕೆಮ್ಮು ಬರಲಿಲ್ಲ. ಆಗಸ್ಟಿನಲ್ಲಿ ಬರುತ್ತಿತ್ತು. “ನಂದು ಮಾತ್ರೆ ಮುಗೀತಾ ಬಂತು. ವಾಸಿ ಅಂತ ಡಾಕ್ಟ್ರು ಒಂದು ಕಾಗದ ಕೊಟ್ರೆ ಹೊರಟೆ. ಮಾರ್ಚ್ ಮೂರು ತಾನೇ ಅಕ್ಕಾ?”

ಮೇಡಂ ಎರಡು ಮಾರು ದೂರದಲ್ಲಿ ಫೈಲು ಹುಡುಕುತ್ತಿದ್ದರು.

“ಸ್ವಲ್ಪ... ಮೊದಲೇ ಬಂದ್ರೆ ಒಳ್ಳೇದು” ಎಂದೆ.

“ಬರ್ತೀನಿ ತಗೊಳ್ಳಿ. ಕೊನೇ ದಿನದವರೆಗೂ ಯಾರು ಕಾಯ್ತಾರೆ.”

ಇಟ್ಟಳು. ‘ಇಪ್ಪತ್ತೆಂಟರ ಒಳಗೆ’ ಅನ್ನುವುದಕ್ಕೆ ಎಷ್ಟು ಉಸಿರು ಬೇಕಿತ್ತು? ಅಷ್ಟೇ ಉಸಿರಿನಲ್ಲಿ ‘ಸ್ವಲ್ಪ ಮೊದಲೇ’ ಎಂದೆ. ಹೇಳಿದೆ ಎಂದು ನನ್ನನ್ನೇ ನಂಬಿಸುತ್ತಿದ್ದೇನೆ.

ಫೆಬ್ರವರಿ 28, ಮಂಗಳವಾರ. ಸಂಜೆ 5.30

ಅವಳು ಬರಲಿಲ್ಲ. ಗೇಟು ಸದ್ದಾದಾಗಲೆಲ್ಲ ಎದ್ದು ನೋಡಿದೆ. ಹಾಲಿನವನು. ಪ್ಲಂಬರ್. ಮತ್ತೆ ಪ್ಲಂಬರ್, ಪಾನಾ ಮರೆತಿದ್ದನಂತೆ.

ಮೂರು ಗಂಟೆಗೆ ಆಸ್ಪತ್ರೆಗೆ ಫೋನ್ ಮಾಡಿದೆ. ಇಷ್ಟು ದಿನ ಮಾಡದವಳು. ವಾರ್ಡಿನ ನರ್ಸು, “ಯಾವ ಬೆಡ್ಡು?” ಎಂದರು. ಬೆಡ್ ನಂಬರ್ ಗೊತ್ತಿಲ್ಲ. ಲೈನು ಕಟ್ಟಾಯಿತು. ಮತ್ತೆ ಸಿಗಲಿಲ್ಲ.

ಮಾರ್ಚ್ 1, ಬುಧವಾರ

ಬೆಳಗ್ಗೆ ಸಿಸ್ಟಂ ತೆರೆದಾಗ ಬಟಾಣಿಯ ಸಾಲು ಕೆಂಪಾಗಿತ್ತು. ಯಾರೂ ಏನೂ ಮಾಡಲಿಲ್ಲ. ತಾನೇ ಕೆಂಪಾಯಿತು.

ಮೇಡಂ ದತ್ತು ಕೇಳಿದವರ ಪಟ್ಟಿ ತೆಗೆದರು. ಮೊದಲ ಹೆಸರು ಡ್ರೈವಿಂಗ್ ಸ್ಕೂಲ್ ನಡೆಸುವ ದಂಪತಿಯದು. ಏಳು ವರ್ಷದಿಂದ ಕಾಯುತ್ತಿದ್ದಾರೆ. “ಶುಭ ಸುದ್ದಿ, ನೀನೇ ಹೇಳು. ಬಾಯಿ ಬಿಡೋದು ಅಭ್ಯಾಸ ಆಗ್ಲಿ” ಎಂದರು, ಪ್ರೀತಿಯಿಂದಲೇ.

ಹೆಂಡತಿ ಎತ್ತಿದರು. ಹೇಳಿದೆ.

“ಒಂದ್ ನಿಮಿಷ, ಸ್ಟವ್ ಆರಿಸಿ ಬರ್ತೀನಿ.”

ಬಹಳ ಹೊತ್ತು ಬರಲಿಲ್ಲ. ಪಾತ್ರೆ ಬಿದ್ದ ಸದ್ದು. “ರೀ... ರೀ, ಇಲ್ಲಿ ಬನ್ನಿ, ಏನೂ ಆಗಿಲ್ಲ, ಬನ್ನಿ” ಅಂತ ದೂರದಲ್ಲಿ. ಆಮೇಲೆ ಫೋನಿಗೆ ಬಂದು, “ಇನ್ನೊಂದ್ ಸಲ ಹೇಳಿ” ಎಂದರು.

ಇನ್ನೊಂದು ಸಲ ಹೇಳಿದೆ.

ಮಾರ್ಚ್ 2, ಗುರುವಾರ. ಮಧ್ಯಾಹ್ನ 12.50

ಬಂದಳು.

ಹತ್ತೂವರೆಗೆ. ಮಾಸ್ಕ್ ಇಲ್ಲ. ಮುಖ ಹೀಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ತುಟಿಯ ಮೇಲೆ ಒಂದು ಮಚ್ಚೆ. ನಿನ್ನೆಯ ತಾರೀಖಿನ ಡಾಕ್ಟರ ಕಾಗದ ಒಂದು ಕೈಯಲ್ಲಿ, ನನ್ನ ಚೀಟಿ ಇನ್ನೊಂದರಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಿದ್ದಳು, ಒಂದು ಮಡಿಕೆ ಕೂಡ ಬಿದ್ದಿಲ್ಲ.

“ನೀವು ಹೇಳಿದ ಹಾಗೇ ಒಂದು ದಿನ ಮೊದಲೇ ಬಂದೆ ಅಕ್ಕಾ.”

ಮೇಡಂ ಹೊರಗೆ ಬಂದರು. ಸಮಾಧಾನವಾಗಿಯೇ ಹೇಳಿದರು — ಅವಧಿ ಮೊನ್ನೆಗೇ ಮುಗಿದಿದೆ, ಮಗು ಪಟ್ಟಿಗೆ ಹೋಗಿದೆ, ಇನ್ನು ಸಮಿತಿಯೇ ತೀರ್ಮಾನಿಸಬೇಕು. ಒಂಬತ್ತನೇ ತಾರೀಖು ಸಭೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಚೀಟಿ ತೋರಿಸಿದಳು. ಮತ್ತೆ ತೋರಿಸಿದಳು. ಓದಲು ಬಾರದವರಿಗೆ ತೋರಿಸುವ ಹಾಗೆ ಮೂರರ ಮೇಲೆ ಬೆರಳಿಟ್ಟು.

“ಇಪ್ಪತ್ತೆಂಟು ಅಂದಿದ್ರೆ ಡಾಕ್ಟ್ರ ಕಾಲು ಹಿಡಿದಾದ್ರೂ ಮೊದಲೇ ಬರೆಸ್ಕೊಂಡು ಬರ್ತಿದ್ನಲ್ಲಾ ತಾಯೀ. ಮೂರು ಅಂತ ಬರೆದಿದೀರಲ್ಲಾ. ನೋಡಿ. ಮೂರು.”

ಮೇಡಂ ಚೀಟಿ ನೋಡಿದರು. ನನ್ನನ್ನು ನೋಡಲಿಲ್ಲ. “ಇದಕ್ಕೆ ಸೀಲಿಲ್ಲ” ಎಂದರು.

ಮಗುವನ್ನು ನೋಡಲೂ ಬಿಡಲಿಲ್ಲ, ಸಮಿತಿಯವರೆಗೆ ಬೇಡವೆಂದು. ಗೇಟಿನಲ್ಲಿ ಹೆಣೆದ ಸಣ್ಣ ಟೋಪಿ ಕೊಟ್ಟು ಹೋದಳು. ವಾರ್ಡಿನಲ್ಲಿ ಕಲಿತಳಂತೆ. ಅದು ಬಟಾಣಿಯ ತಲೆಗೆ ಚಿಕ್ಕದು. ಆರು ತಿಂಗಳ ಹಿಂದಿನ ತಲೆಯ ಅಳತೆ.

ಮಾರ್ಚ್ 3, ಶುಕ್ರವಾರ. ಮಧ್ಯಾಹ್ನ 1.15

ಮಾರ್ಚ್ 3.

ಮೇಡಂ ಕರೆದರು. ಬಾಗಿಲು ಹಾಕಿದರು.

“ಆ ಚೀಟಿ ಯಾರ ಅಕ್ಷರ ಅಂತ ನಾನು ಕೇಳಿಲ್ಲ, ನೀನು ಹೇಳಿಲ್ಲ. ಗೊತ್ತಾಯ್ತಾ?”

“ಮೇಡಂ, ನಾನೇ...”

“ಹೇಳಿಲ್ಲ ಅಂದ್ನಲ್ಲಾ. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಕಣಮ್ಮ. ತಪ್ಪು ದಿನಾಂಕ ಕೊಟ್ಟವಳು ಅಂತ ಒಂದು ಸಾಲು ಬಿದ್ರೆ ಮುಗೀತು.” ನೀರು ಕುಡಿದರು. “ನಾನೇನು ಕಲ್ಲಲ್ಲ. ಆ ಕಡೆ ಅವರು ಕೋಣೆಗೆ ಬಣ್ಣ ಹೊಡೆಸೋಕೆ ಶುರು ಮಾಡಿದಾರೆ. ಬೆಳಗ್ಗೆ ಫೋನ್ ಮಾಡಿದ್ರು, ಮಗೂಗೆ ಯಾವ ಬಣ್ಣ ಇಷ್ಟ ಅಂತ. ಏನು ಹೇಳ್ಲಿ?”

ಬಟಾಣಿಗೆ ಯಾವ ಬಣ್ಣ ಇಷ್ಟವೆಂದು ನನಗೂ ಗೊತ್ತಿಲ್ಲ.

ಮನೆಗೆ ಹೋದರೆ ಅಮ್ಮ ಕೇಳಿಯೇ ಕೇಳುತ್ತಾಳೆ. ನಿನ್ನೆ ಮುಖ ನೋಡಿಯೇ ಹಿಡಿದಳು. “ಬಾಯಿದ್ದೋರು ಬರದಲ್ಲೂ ಬದುಕ್ತಾರೆ. ನೀನು ಸುಗ್ಗೀಲೂ ಉಪವಾಸ ಬೀಳೋಳು. ಏನಾಗಿದೆ ಹೇಳೇ.” ತಲೆನೋವು ಎಂದೆ.

ಮಾರ್ಚ್ 4, ಶನಿವಾರ. ಸಂಜೆ 4.00, ಬಸ್ಸಿನಲ್ಲಿ

ಮಾಮನ ಮನೆಗೆ ಹೋಗಿದ್ದೆ. ಎರಡು ಕೋಣೆ, ಮೂರನೇ ಮಹಡಿ. ಗಡಿಯಾರವನ್ನು ಇನ್ನೂ ಗೋಡೆಗೆ ಹಾಕಿಲ್ಲ, ಡಬ್ಬದಲ್ಲೇ ನಡೆಯುತ್ತಿದೆ.

ಎಲ್ಲ ಹೇಳಿದೆ. ಹೇಳಿದೆ! ಮಾಮನ ಹತ್ತಿರ ಮಾತ್ರ ಮಾತು ಬರುತ್ತದೆ.

ಡಬ್ಬದಿಂದ ಗಡಿಯಾರ ಎತ್ತಿ ಮತ್ತೆ ಅದರಲ್ಲೇ ಇಟ್ಟರು. ಆಮೇಲೆ, “ಆರು ತಿಂಗಳು ಅಂತ ಮಾತು ಕೊಟ್ಟ ಮೇಲೆ ಒಂದು ದಿನಾನೂ ಕಡಿಮೆ ಕೊಡಬಾರದು ಅಂತ ಹಾಗೆ ಎಣಿಸ್ತಿದ್ದೆ. ಮೂರು ದಿನ ಹೆಚ್ಚಾದ್ರೆ ಯಾರ ಗಂಟು ಹೋಗುತ್ತೆ? ಆದ್ರೆ ಎಲ್ಲೂ ಬರೆದಿಡಲಿಲ್ಲ ನೋಡು. ಕೈಯಲ್ಲಿ ಇತ್ತು. ಕೈ ಜೊತೇಲೇ ಮನೆಗೆ ಬಂತು.”

“ಈಗೇನು ಮಾಡ್ಲಿ ಮಾಮ?”

“ನನ್ನ ಮೇಲೆ ಹಾಕು. ಮುದುಕ ತಪ್ಪು ಕಲಿಸಿದ ಅನ್ನು. ನನ್ನ ಏನು ಕಿತ್ಕೋತಾರೆ, ಗಡಿಯಾರ?”

ಅವರ ಹೆಂಡತಿ ಒಳಗಿನಿಂದಲೇ, “ಪೆನ್ಷನ್ ಕಿತ್ಕೋತಾರೆ” ಎಂದರು.

ಮೆಟ್ಟಿಲು ಇಳಿಯುವಾಗ ಹೊಳೆಯಿತು. ತಪ್ಪು ಎಂದರೆ, ಯಾರದ್ದೇ ತಪ್ಪಾಗಲಿ, ಬಟಾಣಿ ಹೋದ ಹಾಗೆಯೇ. ತಪ್ಪು ಚೀಟಿಗೆ ಬೆಲೆ ಇಲ್ಲ. ತಪ್ಪಲ್ಲ, ಈ ಆಫೀಸು ಎಲ್ಲರಿಗೂ ಎಣಿಸುತ್ತಿದ್ದುದೇ ಹೀಗೆ ಅನ್ನಬೇಕು. ಅನ್ನುವುದಕ್ಕೆ ಕೈಯಲ್ಲಿ ಏನಾದರೂ ಬೇಕು.

ಮಾರ್ಚ್ 6, ಸೋಮವಾರ. ಬೆಳಗ್ಗೆ 8.10

ಎಲ್ಲರಿಗಿಂತ ಮೊದಲು ಬಂದಿದ್ದೇನೆ. ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷದ ರಿಜಿಸ್ಟರುಗಳು, ಮಾಮನ ದುಂಡು ಅಕ್ಷರ. ಆಗಸ್ಟಿನ ಕೊನೆಗೆ ಬಂದ ಮಕ್ಕಳನ್ನಷ್ಟೇ ಹುಡುಕುತ್ತಿದ್ದೇನೆ. ಧೂಳಿಗೆ ಸೀನು.

ಅದೇ ದಿನ, 1.40

ಸಿಕ್ಕಿತು. ಒಟ್ಟು ಮೂರು. ಮೂರರಲ್ಲೂ ತಂದೆಯೋ ತಾಯಿಯೋ ಫೆಬ್ರವರಿ ಮುಗಿದ ಮೇಲೆ, ಮಾರ್ಚಿನ ಮೊದಲ ಮೂರು ದಿನದೊಳಗೆ ಬಂದಿದ್ದಾರೆ. ಮೂರೂ ಮಕ್ಕಳು ಮನೆಗೆ ಹೋಗಿವೆ.

ಒಂದು, ಹನ್ನೆರಡು ವರ್ಷದ ಹಿಂದಿನದು. ಬಂದದ್ದು ಆಗಸ್ಟ್ 31. ವಾಪಸು ಮಾರ್ಚ್ 2. ‘ಅವಧಿಯೊಳಗೆ’ ಎಂದು ಷರಾ. ಕೆಳಗೆ ಆಗಿನ ಸಹಾಯಕಿಯ ಸಹಿ.

ಆ ಸಹಿಯನ್ನು ನಾನು ದಿನಾ ನೋಡುತ್ತೇನೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಇರುತ್ತದೆ. ಮೇಡಂ ಅವರದು.

ಮೂರು ಪುಟಕ್ಕೂ ಕಾಗದದ ಗುರುತಿಟ್ಟೆ. ಖುಷಿ ಅಲ್ಲ ಇದು.

ಮಾರ್ಚ್ 8, ಬುಧವಾರ. ಬೆಳಗ್ಗೆ

ಮೇಡಂಗೆ ಮೊದಲೇ ತೋರಿಸಬೇಕೆಂದು ನಿನ್ನೆ ಎರಡು ಸಲ ಹೋದೆ. ಬೆನ್ನ ಹಿಂದೆ ಮಾಡಿದ ಹಾಗೆ ಆಗಬಾರದು. ಮೊದಲ ಸಲ ಯಾರೋ ಇದ್ದರು. ಎರಡನೇ ಸಲ ಅವರೊಬ್ಬರೇ. “ಏನಮ್ಮಾ?” ಎಂದರು. ಸ್ಟೇಪ್ಲರ್ ಪಿನ್ನು ಕೇಳಿಕೊಂಡು ಬಂದೆ.

ರಾತ್ರಿ ಅಮ್ಮನಿಗೆ ಹೇಳಿದೆ ಕೊನೆಗೂ. ಬೈಯುತ್ತಾಳೆ ಅಂದುಕೊಂಡಿದ್ದೆ. “ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಸಿಗದಿದ್ರೆ ಮನೇಲಿ ಕೂತು ನನ್ನ ತಲೆ ತಿನ್ನು” ಎಂದಳು. ಆಮೇಲೆ, “ಆ ಇನ್ನೊಂದು ಹೆಂಗಸಿನ ಗತಿ ಏನೇ? ಬಣ್ಣ ಹೊಡೆಸಿದೋಳದ್ದು?”

ತಟ್ಟೆ ತೊಳೆಯಲು ಎದ್ದೆ.

ಮಾರ್ಚ್ 9, ಗುರುವಾರ. ಸಂಜೆ 5.20

ಬರೆದು ಮುಗಿಸಬೇಕು.

ಸಮಿತಿಯಲ್ಲಿ ಮೂವರು. ನಿವೃತ್ತ ಹೆಡ್‌ಮಾಸ್ಟರು ಅಧ್ಯಕ್ಷರು, ಒಬ್ಬ ವಕೀಲರು, ಮಕ್ಕಳ ಡಾಕ್ಟರು. ನನ್ನ ಕೆಲಸ ಫೈಲು ಕೊಡುವುದು, ಗೋಡೆಗೆ ಒರಗಿ ನಿಲ್ಲುವುದು. ಲಾಂಡ್ರಿಯವಳು ತುದಿ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಸೀರೆ, ಗೆರೆ ಹಾಗೇ ಇದೆ. ಚೀಟಿ ಕೈಯಿಂದ ಕೈಗೆ ಹೋಯಿತು.

“ಸೀಲಿಲ್ಲ” ಎಂದರು ವಕೀಲರು. “ಯಾರು ಬೇಕಾದ್ರೂ ಬರೆದಿರಬಹುದು. ಇದು ಯಾರ ಅಕ್ಷರ?”

ಮೇಡಂ ಮೇಜನ್ನು ನೋಡುತ್ತಿದ್ದರು. ಲಾಂಡ್ರಿಯವಳು ನನ್ನನ್ನು ನೋಡಿದಳು. ಬೆರಳು ಮಾಡಲಿಲ್ಲ. ಮಾಡಬಹುದಿತ್ತು. ‘ಅವರೇ ಬರೆದದ್ದು’ ಅಂದಿದ್ದರೆ ಸಾಕಿತ್ತು. ಯಾಕೆ ಅನ್ನಲಿಲ್ಲವೋ. ನನ್ನ ಕೆಲಸ ಹೋಗುತ್ತದೆಂದೇ?

“ನಂದು” ಎಂದೆ.

“ಜೋರಾಗಿ ಹೇಳಮ್ಮಾ” — ಹೆಡ್‌ಮಾಸ್ಟರು. ಕಿವಿಗೆ ಕೈ.

“ನನ್ನ ಅಕ್ಷರ ಸಾರ್. ತಪ್ಪಾಗಿ ಬರೆದದ್ದಲ್ಲ. ಇಲ್ಲಿ ಹಾಗೇ ಎಣಿಸ್ತಿದ್ರು. ಇಪ್ಪತ್ತೆರಡು ವರ್ಷ.”

ರಿಜಿಸ್ಟರು ತಂದಿಟ್ಟೆ. ಮೂರು ಗುರುತು. ಬೆರಳಿಟ್ಟು ತೋರಿಸಿದೆ — ಫೆಬ್ರವರಿಯಲ್ಲಿ ಇಲ್ಲದ ದಿನವನ್ನು ಮಾರ್ಚಿನಲ್ಲಿ ಕೊಡುತ್ತಿದ್ದರು, ಜನವರಿಯಿಂದ ಸಿಸ್ಟಂ ಬೇರೆ ಥರ ಎಣಿಸುತ್ತಿದೆ, ಆದರೆ ಈ ಮಗು ಬಂದದ್ದು ಸಿಸ್ಟಂ ಬರುವ ಮೊದಲು. ವ್ಯತ್ಯಾಸ ಜನವರಿ ಕೊನೆಗೇ ನನ್ನ ಕಣ್ಣಿಗೆ ಬಿದ್ದಿತ್ತು, ಫೋನಿನಲ್ಲಿ ಇವರಿಗೆ ಸರಿಯಾಗಿ ಹೇಳಲಿಲ್ಲ ಅಂತಲೂ ಹೇಳಿದೆ. ಅದನ್ನು ಹೇಳುವಾಗ ಲಾಂಡ್ರಿಯವಳ ಕಡೆ ನೋಡಲಾಗಲಿಲ್ಲ.

ವಕೀಲರು ಪುಟದ ಮೇಲೆ ಬಗ್ಗಿದರು. “ಈ ಸಹಿ?”

ಮೇಡಂ ಕನ್ನಡಕ ಹಾಕಿಕೊಂಡರು. ನಿಧಾನವಾಗಿ. ಆ ಪುಟವನ್ನು ಬಹಳ ಹೊತ್ತು ನೋಡಿದರು. ಹನ್ನೆರಡು ವರ್ಷ ಚಿಕ್ಕವರಾಗಿದ್ದ ತಮ್ಮನ್ನೇ ನೋಡುತ್ತಿದ್ದರೇನೋ.

“ನಂದೇ. ಆ ಮಗು ನೆನಪಿದೆ. ಅವರಪ್ಪ ಓಡ್ಕೊಂಡು ಬಂದಿದ್ದ, ಒಂದು ಚಪ್ಪಲಿ ಇರಲಿಲ್ಲ ಕಾಲಲ್ಲಿ.” ಕನ್ನಡಕ ತೆಗೆದರು. “ಅವನಿಗೆ ಕೊಟ್ಟಿದ್ದನ್ನ ಇವಳಿಗೆ ಇಲ್ಲ ಅನ್ನೋಕೆ ನನ್ನಿಂದ ಆಗಲ್ಲ.”

ಹೊರಗೆ ಕಾಯಲು ಹೇಳಿದರು. ಇಪ್ಪತ್ತು ನಿಮಿಷ. ಬೆಂಚಿನಲ್ಲಿ ನಾನು ಈ ತುದಿ, ಅವಳು ಆ ತುದಿ. ಕೊನೆಗೆ ಅವಳೇ, “ಫೋನಲ್ಲಿ ಹೇಳ್ಬೋದಿತ್ತು ನೀವು” ಎಂದಳು. ಕೋಪವಿರಲಿಲ್ಲ. ಕೋಪವಿದ್ದರೆ ವಾಸಿಯಿತ್ತು.

“ಹೂಂ” ಎಂದೆ.

ಮಗು ಅವಳಿಗೆ.

ಒಳಗಿನಿಂದ ಕರೆತಂದರು. ಬಟಾಣಿ ಬಾಗಿಲಲ್ಲೇ ನಿಂತು ಅವಳ ಮುಖವನ್ನು ಕೆಳಗಿನಿಂದ ಮೇಲಕ್ಕೆ ನೋಡಿತು. “ಬಾಯಿ ವಾಸಿ ಆಯ್ತಾ?” ಎಂದು ಕೇಳಿತು. ಅವಳು ಕೂತುಬಿಟ್ಟಳು, ನೆಲದ ಮೇಲೆಯೇ, ಸೀರೆಯ ಇಸ್ತ್ರಿ ಲೆಕ್ಕಿಸದೆ. ಮುಟ್ಟಲೋ ಬೇಡವೋ ಎಂದು ಕೈ ಅರ್ಧದಲ್ಲಿ ನಿಂತಿತ್ತು. ಡಾಕ್ಟರು “ಮುಟ್ಟಮ್ಮಾ, ಮುಟ್ಟು” ಎಂದರು.

ನಾನು ರಿಜಿಸ್ಟರು ಒಳಗಿಡಲು ಹೋದೆ.

ಮೇಡಂ ಉಗ್ರಾಣದ ಬಾಗಿಲಿಗೆ ಬಂದರು. “ಸ್ಟೇಪ್ಲರ್ ಪಿನ್ನು ಕೇಳೋಕೆ ಬಂದ ದಿನಾನೇ ಇದನ್ನ ತೋರಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ರಿಜಿಸ್ಟರನ್ನು ಅದರ ಜಾಗಕ್ಕೆ ತಳ್ಳಿದೆ.

“ನಿನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹಾಕಿದಾರೆ. ತೆಗೀರಿ ಅಂದ್ರು ವಕೀಲರು, ನಾನು ಬೇಡ ಅಂದೆ.” ಹೊರಟವರು ತಿರುಗಿದರು. “ಆ ದಂಪತಿಗೆ ನಾಳೆ ಬೆಳಗ್ಗೆ ನೀನೇ ಹೇಳು. ಅವತ್ತು ಹೇಳಿದೋಳು ನೀನೇ.”

ಮೂರು ತಿಂಗಳು. ಯಾವ ತಾರೀಖಿಗೆ ಮುಗಿಯುತ್ತದೆಂದು ಎಣಿಸಲಿಲ್ಲ.

ಮಾರ್ಚ್ 10, ಶುಕ್ರವಾರ. ಬೆಳಗ್ಗೆ 10.40

ಒಂಬತ್ತೂವರೆಗೆ ಕೂತೆ, ಹತ್ತು ಗಂಟೆಗೆ ಡಯಲ್ ಮಾಡಿದೆ. ಏನು ಹೇಳಬೇಕೆಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ನಾಲ್ಕು ಸಾಲು. ‘ದಯವಿಟ್ಟು’ ಎರಡು ಸಲ ಬಂದಿತ್ತು, ಒಂದು ಹೊಡೆದುಹಾಕಿದ್ದೆ. ಈ ಸಲ ‘ಸ್ವಲ್ಪ’ ಬೇಡ, ‘ಆಮೇಲೆ’ ಬೇಡ. ಮೊದಲ ವಾಕ್ಯದಲ್ಲೇ ಹೇಳಬೇಕು.

ಒಂದೇ ರಿಂಗಿಗೆ ಎತ್ತಿದರು. ನನ್ನ ಧ್ವನಿಯ ಗುರುತು ಹತ್ತಿತು. ನಾನು ಬಾಯಿ ತೆರೆಯುವ ಮೊದಲೇ, ನಗುತ್ತಾ —

“ಯಾವತ್ತು ಬರೋಣ? ತಾರೀಖು ಹೇಳಿ, ನಾನು ಕ್ಯಾಲೆಂಡರ್ ಮುಂದೇನೇ ನಿಂತಿದೀನಿ.”

ನಾನು ಹಾಳೆಯ ಮೊದಲ ಸಾಲು ಓದಿದೆ: “ಮಗು ಅದರ ತಾಯಿ ಹತ್ರ ಹೋಯ್ತು.”